ಮೂರು ಟನ್ನಿನ ಸೇತುವೆ

ಈ ದೇಶಕ್ಕೆ ಬಂದ ಹೊಸದರಲ್ಲಿ, ದಾಟಿದ ಸೇತುವೆಗಳ ಲೆಕ್ಕ ಇಡಬೇಕೆಂದು ಹೊರಟು ಎರಡೇ ವಾರಕ್ಕೆ ಸೋತುಹೋದೆ. ಯಾಕಾಗಿ ಆ ಲೆಕ್ಕ ಎಂದು ಕೇಳಬೇಡಿ. ಕೆಲವರು ಸ್ಟಾಂಪು ಕೂಡಿಡುತ್ತಾರೆ, ಕೆಲವರು ಸಿಟ್ಟು ಕೂಡಿಡುತ್ತಾರೆ. ನಾನು ಡೈರಿಯಲ್ಲಿ ಗೀಟು ಕೂಡಿಡುತ್ತೇನೆ. ನಾಲ್ಕು ಗೀಟು ನೆಟ್ಟಗೆ ನಿಲ್ಲಿಸಿ ಐದನೆಯದನ್ನು ಅಡ್ಡಲಾಗಿ ಎಳೆದಾಗ ನನಗೆ ಸಿಗುವ ನೆಮ್ಮದಿ ಬೇರೆಯವರಿಗೆ ಬಹುಶಃ ಧ್ಯಾನದಲ್ಲಿ ಸಿಗುತ್ತದೆ. ಮೊದಲ ಹಿಮ ಬಿದ್ದ ದಿನಕ್ಕೂ, ಬಸ್ಸು ತಪ್ಪಿದ ದಿನಕ್ಕೂ, ಅಮ್ಮನಿಗೆ ಫೋನಿನಲ್ಲಿ "ಊಟ ಆಯ್ತು" ಎಂದು ಸುಳ್ಳು ಹೇಳಿದ ದಿನಕ್ಕೂ ನನ್ನಲ್ಲಿ ತಾರೀಖಿದೆ.

ಆದರೆ ನ್ಯೂಜೆರ್ಸಿಯ ಸೇತುವೆಗಳು ಲೆಕ್ಕಕ್ಕೆ ಸಿಗುವ ಜಾತಿಯವಲ್ಲ. ಪಿಸ್ಕಾಟವೇಯ ನನ್ನ ಆಫೀಸಿನಿಂದ ಹೊರಟು ಹೆದ್ದಾರಿ ಏರಿದರೆ ರಸ್ತೆಯ ಮೇಲೆ ರಸ್ತೆ, ಅದರ ಮೇಲೆ ರೈಲು. ನಾವು ಯಾವುದರ ಮೇಲಿದ್ದೇವೆ, ಯಾವುದರ ಕೆಳಗಿದ್ದೇವೆ ಎಂದು ತಿಳಿಯುವಷ್ಟರಲ್ಲಿ ಎರಡೂ ಮುಗಿದಿರುತ್ತವೆ. ಕೆಳಗೆ ನೀರಿದ್ದರೆ ಮಾತ್ರ ಸೇತುವೆ ಎಂದು ಒಂದು ನಿಯಮ ಮಾಡಿಕೊಂಡೆ. ಆಗ ಸಮುದ್ರದ ಕಡೆಯ ಜೊಂಡು ಬೆಳೆದ ಜೌಗು ಎದುರಾಯಿತು. ಅದು ಬೆಳಿಗ್ಗೆ ನೀರು, ಸಂಜೆ ಕೆಸರು. ಕೊನೆಗೆ ಇನ್ನೊಂದು ನಿಯಮ ಬರೆದೆ: ದಾಟುವಾಗ "ನಾನೀಗ ಸೇತುವೆಯ ಮೇಲಿದ್ದೇನೆ" ಎಂದು ಅನ್ನಿಸಿದರೆ ಮಾತ್ರ ಗೀಟು. ಈ ನಿಯಮ ಬಂದದ್ದೇ ತಡ, ಪಟ್ಟಿ ಬಡಕಲಾಯಿತು. ನ್ಯೂಯಾರ್ಕಿಗೆ ಹೋಗುವ ದೊಡ್ಡ ತೂಗುಸೇತುವೆಗೆ ಒಂದು ಗೀಟು ಸಿಕ್ಕಿತು, ಅದೂ ಟ್ರಾಫಿಕ್ ಅಲ್ಲಾಡದೆ ನಿಂತಿದ್ದ ಪುಣ್ಯದಿಂದ. ಮಿಕ್ಕ ಸೇತುವೆಗಳ ಮೇಲೆ ನಾನು ಹಾದುಹೋದದ್ದು ನನಗೂ ಗೊತ್ತಿಲ್ಲ, ಅವಕ್ಕೂ ಗೊತ್ತಿಲ್ಲ.

ಆ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಗೀಟು ಪಡೆದ ಸೇತುವೆ ಒಂದೇ ಒಂದು. ಅದರ ಮಾತು ಎತ್ತಿದರೆ ನಮ್ಮ ಮಾವನ ಮಾತನ್ನೂ ಎತ್ತಬೇಕು.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಎಪ್ಪತ್ತು ದಾಟಿ ಕೆಲವು ವರ್ಷಗಳಾಗಿವೆ. ಟೆಲಿಫೋನ್ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಅತ್ತೆಯ ಜೊತೆ ಕೆಂಡಲ್ ಪಾರ್ಕಿನಲ್ಲಿದ್ದಾರೆ. ಅಲ್ಲಿ ಹಾಲು ಬೇಕೆಂದರೂ ಕಾರು, ಕೊತ್ತಂಬರಿ ಮರೆತರೂ ಕಾರು. ನಡೆದು ಹೋಗಿ ತರುತ್ತೇನೆ ಎಂದು ಹೊರಟರೆ ಪಾದಚಾರಿ ದಾರಿ ಅರ್ಧದಲ್ಲೇ ಹುಲ್ಲಿನಲ್ಲಿ ಕರಗಿಹೋಗುತ್ತದೆ. ಕಾರನ್ನು ಅಲ್ಲಿ ವಾಹನ ಎನ್ನುವುದಕ್ಕಿಂತ ಅವಯವ ಎನ್ನುವುದು ವಾಸಿ. ಮಾವನ ಬೂದು ಬಣ್ಣದ ಕಾರಂತೂ ಅವರೊಬ್ಬರ ಅವಯವವಾಗಿ ಉಳಿದಿಲ್ಲ. ಯಾರದೋ ತಾಯಿತಂದೆ ಆರು ತಿಂಗಳಿಗೆಂದು ಬಂದಿದ್ದಾರೆ, ಮಕ್ಕಳು ಆಫೀಸಿಗೆ ಹೋಗಿದ್ದಾರೆ, ಅವರನ್ನು ದೇವಸ್ಥಾನಕ್ಕೆ ಕರೆದೊಯ್ಯುವವರು ಯಾರು? "ಅಂಕಲ್ ಇದ್ದಾರಲ್ಲ." ವಿಮಾನ ನಿಲ್ದಾಣಕ್ಕೆ ಬಿಡಬೇಕೆ? "ಅಂಕಲ್‌ಗೆ ಹೇಳಿ." ನಾನು ಎರಡು ದೊಡ್ಡ ಪೆಟ್ಟಿಗೆಗಳೊಂದಿಗೆ ಈ ನೆಲದ ಮೇಲೆ ಕಾಲಿಟ್ಟಾಗ ಮೊದಲು ಕೂತದ್ದೂ ಅದೇ ಕಾರಿನಲ್ಲಿ.

ಕಳೆದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಅವರ ಮಗಳು ರೇಖಕ್ಕ ಬಾಸ್ಕಿಂಗ್ ರಿಡ್ಜ್‌ನಿಂದ ಫೋನ್ ಮಾಡಿದಳು.

"ಪುಟ್ಟಿ, ಒಂದು ಫೇವರ್ ಬೇಕು ಕಣೇ. ಅಪ್ಪನ ಜೊತೆ ಒಂದು ಲಾಂಗ್ ಡ್ರೈವ್ ಹೋಗ್ಬಾ. ಹೇಗೆ ಓಡಿಸ್ತಾರೆ ನೋಡಿ ಹೇಳು."

"ಯಾಕಕ್ಕ, ಏನಾಯ್ತು?"

"ಗ್ಯಾರೇಜ್ ಬಾಗಿಲು ನೋಡಿದ್ಯಾ? ಡೆಂಟ್ ಆಗಿದೆ. ಅಪ್ಪ ಅದನ್ನ ಜಿಂಕೆ ಗುದ್ದಿದ್ದು ಅಂತಾರೆ. ಜಿಂಕೆ ಬೂದು ಬಣ್ಣ ಬಿಟ್ಟು ಹೋಗುತ್ತೇನೇ?"

"ನೀನೇ ಒಂದ್ಸಲ ಕೂತು ನೋಡಕ್ಕ."

"ನಾನು ಕೂತ್ರೆ ಜಗಳ. ಅಮ್ಮ ಕೂತ್ರೆ ಅಪ್ಪನ ಸೈಡು. ನೀನು ನ್ಯೂಟ್ರಲ್ಲು. ಎಲ್ಲಾ ಬರ್ದಿಡೋ ಹುಚ್ಚು ಬೇರೆ ಇದೆ. ನೀನು ಬೇಡ ಅಂದ್ರೆ ನಾನು ಕೀ ತಗೊಂಡ್ಬಿಡ್ತೀನಿ, ಅಷ್ಟೇ."

ನನ್ನ ಹುಚ್ಚಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ಒಪ್ಪಿಕೊಂಡುಬಿಟ್ಟೆ. ಆದರೆ ನಾನು ಗೀಟು ಹಾಕುವವಳೇ ಹೊರತು ತೀರ್ಪು ಹೇಳುವವಳಲ್ಲ. ಅದೂ ನನ್ನನ್ನು ಈ ಊರಿಗೆ ಹೊತ್ತು ತಂದ ಕಾರಿನ ಮೇಲೆ!

ಗುಟ್ಟಾಗಿ ನಡೆಯಬೇಕಿದ್ದ ಈ ಪರೀಕ್ಷೆ ಅದೇ ಸಂಜೆ ಬಯಲಾಯಿತು. ರೇಖಕ್ಕ ಅತ್ತೆಗೆ ಹೇಳಿದಳು, ಅತ್ತೆ ಮಾವನಿಗೆ ಹೇಳಿದರು. ಅಕ್ಟೋಬರ್ ತಿಂಗಳ ಎರಡನೆಯ ಭಾನುವಾರ ನಾನು ಅವರ ಮನೆ ತಲುಪಿದಾಗ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನ ಪಕ್ಕ ನಿಂತಿದ್ದರು.

"ಬಾಮ್ಮಾ ಇನ್‌ಸ್ಪೆಕ್ಟರ್. ಪುಸ್ತಕ ತಂದಿದ್ದೀಯಾ?"

"ಮಾವ, ಹಾಗೇನಿಲ್ಲ, ಸುಮ್ಮನೆ..."

"ಇರ್ಲಿ ಬಿಡು. ಪರೀಕ್ಷೆ ನಿಂದು, ಸಿಲಬಸ್ ನಂದು. ಎಲ್ಲಿಗೆ ಹೋಗೋದು ಅಂತ ನಾನು ಹೇಳ್ತೀನಿ. ನಮ್ಮ ಸೇತುವೆಗೆ."

ಅತ್ತೆ ಹಿಂದಿನ ಸೀಟಿನಲ್ಲಿ ಪುಳಿಯೋಗರೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಮುಂದೆ ಕೂತು ಡೈರಿ ತೆರೆದೆ. ಹಿಂದಿನ ರಾತ್ರಿಯೇ ಅಚ್ಚುಕಟ್ಟಾಗಿ ಕಾಲಂ ಎಳೆದಿದ್ದೆ: ತಡವಾದ ಬ್ರೇಕ್, ಮರೆತ ಸಿಗ್ನಲ್, ಗೆರೆ ದಾಟಿದ್ದು. ಮಾವ ಒಂದು ಕಣ್ಣು ಹಾಯಿಸಿ, "ಒಳ್ಳೆ ಕೆಲಸ ಮಾಡಿದ್ದಕ್ಕೆ ಕಾಲಂ ಇಲ್ವಾ? ನಮ್ಮ ಮೇಷ್ಟ್ರುಗಳೂ ಹೀಗೇ ಇದ್ರು" ಎಂದು ಗಾಡಿ ತೆಗೆದರು.

ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದ ಮೇಲೆ ನ್ಯೂಜೆರ್ಸಿ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಬೇರೆಯಾಗುತ್ತದೆ. ಕಚೇರಿಗಳ ಗಾಜು ಮರೆಯಾಗಿ ಜೋಳದ ಹೊಲಗಳು ಬಂದವು, ಧಾನ್ಯ ತುಂಬಿಡುವ ಕೆಂಪು ಕಣಜಗಳು ಬಂದವು. ಮರಗಳೆಲ್ಲ ಹಣ್ಣು ಬಣ್ಣಕ್ಕೆ ತಿರುಗಿದ್ದವು; ಗಾಳಿ ಬಂದಾಗ ಎಲೆಗಳು ಅವಸರವಿಲ್ಲದೆ, ಎಲ್ಲಿ ಇಳಿಯಲಿ ಎಂದು ಯೋಚಿಸುತ್ತ ಇಳಿಯುತ್ತಿದ್ದವು. ಮಾವ ಹಳೆಯ ರಾಗವೊಂದನ್ನು ಗುನುಗುತ್ತ ಹದವಾಗಿ ಓಡಿಸುತ್ತಿದ್ದರು. ತಡವಾದ ಬ್ರೇಕ್ ಕಾಲಮ್ಮಿನಲ್ಲಿ ಒಂದೆರಡು ಗೀಟು ಬಿತ್ತು. ಅದರಲ್ಲೊಂದು, ಹಣ್ಣಿನ ಅಂಗಡಿಯಲ್ಲಿ ಸೀಬೆ ಇದೆಯೇ ನೋಡೋಣ ಎಂದು ಅತ್ತೆ ಹಠಾತ್ತಾಗಿ ಕೂಗಿದ್ದರ ಫಲ. ಅದನ್ನು ಅತ್ತೆಯ ಹೆಸರಿಗೆ ಬರೆದೆ.

ಸೇತುವೆ ಸಿಕ್ಕಿದ್ದು ಒಂದು ತಿರುವಿನಲ್ಲಿ. ರಾರಿಟನ್ ನದಿಯ ದಕ್ಷಿಣದ ಕವಲು ಅಲ್ಲಿ ಹೊಳೆಯಷ್ಟೇ ಅಗಲ. ಅದರ ಮೇಲೆ ಕಬ್ಬಿಣದ ಸರಳುಗಳನ್ನು ಓರೆಓರೆಯಾಗಿ ಹೆಣೆದು ಕಟ್ಟಿದ, ಒಂದು ಗಾಡಿ ಮಾತ್ರ ಹಿಡಿಯುವ ಪುಟ್ಟ ಸೇತುವೆ. ನೆತ್ತಿಯ ಮೇಲೆ ಕಬ್ಬಿಣದ ಹೂಬಳ್ಳಿಯ ನಡುವೆ, ಅದನ್ನು ಕಟ್ಟಿದ ಕಾರ್ಖಾನೆಯ ಹೆಸರಿನ ಫಲಕ. ಬಣ್ಣದ ಮೇಲೆ ಬಣ್ಣ ಬಳಿದೂ ಬಳಿದೂ ಅಕ್ಷರಗಳು ದಪ್ಪಗಾಗಿ ಒಂದನ್ನೊಂದು ತಬ್ಬಿಕೊಂಡಿದ್ದವು. ನೆಲಕ್ಕೆ ಮರದ ಹಲಗೆ. ಪಕ್ಕದಲ್ಲಿ ನಡೆಯುವವರಿಗೆಂದು ಹಲಗೆಯದೇ ಒಂದು ಕಿರುದಾರಿ. ನದಿಯ ಸದ್ದು, ಎಲ್ಲೋ ಒಂದು ನಾಯಿಯ ಸದ್ದು. ಈ ಸೇತುವೆ ಯಾವುದೋ ಶತಮಾನದ ಮಧ್ಯಾಹ್ನದಲ್ಲಿ ಮಲಗಿದ್ದು, ಎಲ್ಲರೂ ಎಬ್ಬಿಸಲು ಮರೆತಂತಿತ್ತು.

ಈ ಕಡೆಯ ದಡದಲ್ಲಿ ಕಾರು ನಿಲ್ಲಿಸಿ, ಹುಲ್ಲಿನ ಮೇಲೆ ಚಾದರ ಹಾಸಿ, ಪುಳಿಯೋಗರೆ ಬಡಿಸಿಕೊಂಡೆವು. ಮಾವ ತಟ್ಟೆ ಹಿಡಿದೇ ಪಾಠ ಶುರು ಮಾಡಿದರು. ಉಕ್ಕು ಅಗ್ಗವಾಗುವುದಕ್ಕೆ ಮುಂಚಿನ ಕಾಲದ ಸೇತುವೆಯಂತೆ ಇದು. ಆ ಕಾಲದಲ್ಲಿ ಊರಿನವರು ಕ್ಯಾಟಲಾಗ್ ನೋಡಿ ಸೇತುವೆ ತರಿಸುತ್ತಿದ್ದರಂತೆ, ಈಗ ನಾವು ಮಂಚ ತರಿಸುವ ಹಾಗೆ. ಬಿಡಿಭಾಗಗಳು ರೈಲಿನಲ್ಲಿ ಬರುತ್ತಿದ್ದವು. ದಡದಲ್ಲಿ ಜೋಡಿಸಿ ಗೂಟದಂಥ ದಪ್ಪ ಪಿನ್ನು ಹೊಡೆದರೆ ಸೇತುವೆ ಸಿದ್ಧ. ತಳ್ಳುವ ಭಾರ ಹೊರುವ ಕಡೆ ಬೀಡುಕಬ್ಬಿಣದ ದಪ್ಪ ಕಂಬ, ಎಳೆಯುವ ಭಾರ ತಡೆಯುವ ಕಡೆ ಬಡಿದು ಹದ ಮಾಡಿದ ಕಬ್ಬಿಣದ ತೆಳ್ಳನೆ ಸರಳು.

"ಬೀಡು ಅಂದ್ರೆ ನಮ್ಮ ದೋಸೆ ಕಾವಲಿ ತಾನೇ?" ಎಂದರು ಅತ್ತೆ. "ಅದು ಬೆಂಕಿ ತಡ್ಕೊಳ್ಳುತ್ತೆ. ಕೈಜಾರಿ ಬಿದ್ರೆ ಮಾತ್ರ ಒಡೆದೇ ಹೋಗುತ್ತೆ."

"ಅದಕ್ಕೇ ಎಲ್ಲಾ ಕಡೆ ಬೀಡು ಹಾಕಲ್ಲ. ತಳ್ಳೋದಕ್ಕೆ ಒಂದು, ಎಳೆಯೋದಕ್ಕೆ ಇನ್ನೊಂದು. ಗಂಡಹೆಂಡ್ತಿ ಥರ."

"ಯಾರು ಎಳೆಯೋರು, ಯಾರು ತಳ್ಳೋರು ಅಂತ ಪುಟ್ಟಿ ಮುಂದೆ ಬೇಡ" ಎಂದು ಅತ್ತೆ ಅವರ ತಟ್ಟೆಗೆ ಇನ್ನೊಂದು ಸೌಟು ತಳ್ಳಿದರು.

ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಆದ್ದರಿಂದ ಇಂಥ ಸೇತುವೆಗಳಲ್ಲಿ ಒಂದು ತುದಿಯನ್ನು ಗಟ್ಟಿಯಾಗಿ ಕೂರಿಸಿ ಇನ್ನೊಂದು ತುದಿಯನ್ನು ಉರುಳೆಗಳ ಮೇಲೆ ಸಡಿಲವಾಗಿ ಇಡುವುದುಂಟು ಎಂದೂ ಮಾವ ಹೇಳಿದರು. ಇದನ್ನೆಲ್ಲ ಬದುಕಿಗೆ ಹೋಲಿಸುವ ಆಸೆ ನನಗೂ ಆಯಿತು. ಪುಳಿಯೋಗರೆ ತಣ್ಣಗಾಗುತ್ತಿದ್ದುದರಿಂದ ಬಿಟ್ಟುಬಿಟ್ಟೆ.

ಊಟ ಮುಗಿಸಿ ನದಿ ನೋಡುತ್ತ ಕೂತೆವು. ನದಿಯ ಮೇಲೆ ಎಲೆಗಳು ಒಂದರ ಹಿಂದೊಂದು ಬಂದು ಸೇತುವೆಯ ನೆರಳಿನಲ್ಲಿ ಕಪ್ಪಾಗಿ, ಆ ಕಡೆ ಮತ್ತೆ ಬಂಗಾರವಾಗಿ ಹೋಗುತ್ತಿದ್ದವು. ಎಣಿಸತೊಡಗಿದ್ದೆ, ಎಲ್ಲಿ ಬಿಟ್ಟೆ ಎಂಬುದು ಮರೆತುಹೋಯಿತು. ಆಗೊಮ್ಮೆ ಈಗೊಮ್ಮೆ ಕಾರೊಂದು ದಾಟಿದಾಗ ಹಲಗೆಗಳು ಗುಡುಗುಡು ಎನ್ನುತ್ತಿದ್ದವು, ದೂರದ ಮೋಡ ಮಾತಾಡಿದ ಹಾಗೆ. ಎರಡು ಕಡೆಯಿಂದಲೂ ಗಾಡಿ ಬಂದರೆ ಒಬ್ಬರು ದಡದಲ್ಲಿ ನಿಲ್ಲುತ್ತಿದ್ದರು, ಇನ್ನೊಬ್ಬರು ದಾಟಿ ಕೈ ಎತ್ತುತ್ತಿದ್ದರು. ದೀಪವಿಲ್ಲ, ಪೊಲೀಸರಿಲ್ಲ, ಹಾರನ್ನೂ ಇಲ್ಲ.

"ಈ ದೇಶಕ್ಕೆ ಬಂದ ಮೊದಲ ವರ್ಷ" ಎಂದರು ಮಾವ, ನದಿಯನ್ನೇ ನೋಡುತ್ತ. "ಲೈಸೆನ್ಸ್ ಸಿಕ್ಕಿ ವಾರ ಆಗಿತ್ತು. ದಾರಿ ತಪ್ಪಿ ಇಲ್ಲಿಗೆ ಬಂದೆ. ಹೆದ್ದಾರಿಲಿ ಎಲ್ಲರೂ ನನಗೆ ಹಾರನ್ ಹೊಡೆದಿದ್ರು. ಇಲ್ಲಿ ನೋಡಿದ್ರೆ ಎದುರುಗಡೆ ಒಬ್ಬ ಅಜ್ಜ ಗಾಡಿ ನಿಲ್ಲಿಸಿಕೊಂಡು, ನೀನು ಬಾ ನೀನು ಬಾ ಅಂತ ಕೈ ಬೀಸ್ತಿದಾನೆ. ಅವತ್ತಿನವರೆಗೂ ಈ ದೇಶದಲ್ಲಿ ನನಗೆ ಯಾರೂ ನೀನು ಮೊದಲು ಅಂದಿರ್ಲಿಲ್ಲ ಕಣೇ."

"ಇದನ್ನ ಪ್ರತಿ ವರ್ಷ ಹೇಳ್ತಾರೆ" ಎಂದರು ಅತ್ತೆ. ಆದರೆ ಮೆಲ್ಲಗೆ ಹೇಳಿದರು.

ಬಿಸಿಲು ಓರೆಯಾಗತೊಡಗಿದಾಗ ಚಾದರ ಮಡಿಸಿದೆವು. ಮನೆಗೆ ಹೋಗಲು ಸೇತುವೆ ದಾಟಬೇಕಾಗಿರಲಿಲ್ಲ, ಬಂದ ದಾರಿಯಲ್ಲೇ ಹಿಂತಿರುಗಬಹುದಿತ್ತು. ಮಾವ ಒಪ್ಪಲಿಲ್ಲ. "ಇಷ್ಟು ದೂರ ಬಂದು ದಾಟದೆ ಹೋದ್ರೆ, ದೇವಸ್ಥಾನಕ್ಕೆ ಹೋಗಿ ಚಪ್ಪಲಿ ಕಾಯ್ದ ಹಾಗೆ" ಎಂದು ಕಾರು ತೆಗೆದರು. ಸೇತುವೆಯ ಬಾಯಿಗೆ ಬರುತ್ತಿದ್ದಂತೆ ಅತ್ತೆ, "ರೀ, ನಿಲ್ಲಿಸಿ. ನಾನು ಇಳೀಬೇಕು" ಎಂದರು.

ಅಲ್ಲೊಂದು ಬೋರ್ಡಿತ್ತು. ಭಾರದ ಮಿತಿ ಮೂರು ಟನ್.

"ಕಾರು ಒಂದೂವರೆ ಟನ್ನು ಚಿಲ್ಲರೆ ಕಣೇ. ಪ್ರತಿ ಸಲ ಲೆಕ್ಕ ಹೇಳ್ತೀನಿ."

"ನಿಮ್ಮ ಲೆಕ್ಕ ನಿಮಗಿರ್ಲಿ."

"ನೀನು ಇಳಿದ್ರೆ ಸೇತುವೆಗೆ ಎಷ್ಟು ಹಗುರ ಆಗುತ್ತೆ ಗೊತ್ತಾ?"

"ನನ್ನ ತೂಕದ ಮಾತು ಎತ್ತಬೇಡಿ" ಎಂದು ಅತ್ತೆ ಖಾಲಿ ಡಬ್ಬಿ ಸಮೇತ ಇಳಿದೇಬಿಟ್ಟರು.

ಅತ್ತೆಯ ಈ ಹಟಕ್ಕೆ ಹಿನ್ನೆಲೆಯಿದೆ. ಅವರು ಚಿಕ್ಕವರಿದ್ದಾಗ ಅವರ ಊರಿನ ಹೊಳೆಗೆ ಹಳೆಯ ಸೇತುವೆಯೊಂದಿತ್ತಂತೆ. ಬಸ್ಸು ಅದರ ಹತ್ತಿರ ಬಂದಾಗ ಕಂಡಕ್ಟರು "ಎಲ್ಲ ಇಳೀರಪ್ಪಾ" ಎಂದು ಕೂಗುತ್ತಿದ್ದ. ಕೋಳಿ ಹಿಡಿದವರು, ಮಗು ಹೊತ್ತವರು, ಹೊಸ ಮದುಮಗಳು, ಎಲ್ಲರೂ ಇಳಿದು ಮೆರವಣಿಗೆಯಂತೆ ನಡೆದು ದಾಟಬೇಕು. ಹಿಂದಿನಿಂದ ಖಾಲಿ ಬಸ್ಸು ಮೆಲ್ಲನೆ, ತಪ್ಪು ಮಾಡಿದ ಆನೆಯ ಹಾಗೆ ಬರಬೇಕು. ಆಚೆ ದಡದಲ್ಲಿ ಮತ್ತೆ ಹತ್ತಬೇಕು. ಸೇತುವೆ ಎಂದರೆ ಇಳಿದು ನಡೆಯುವುದು ಎಂದು ಕಲಿತ ಕಾಲು ಅದು. ಇಷ್ಟು ವರ್ಷ ಅಮೆರಿಕದಲ್ಲಿ ಸಾವಿರ ಸೇತುವೆಗಳನ್ನು ಕೂತೇ ದಾಟಿದ್ದರೂ, ಬೋರ್ಡು ಹಾಕಿ ಬಾಯಿಬಿಟ್ಟು ಹೇಳಿದ ಸೇತುವೆಗೆ ಅತ್ತೆ ಮರ್ಯಾದೆ ಕೊಡದೆ ಇರುವವರಲ್ಲ.

ಅವರೊಬ್ಬರನ್ನೇ ಬಿಡುವುದು ಹೇಗೆಂದು ನಾನೂ ಇಳಿದೆ. ಪರೀಕ್ಷಕಿ ಕೊಠಡಿ ಬಿಟ್ಟು ಹೊರಗೆ ಬಂದಂತಾಯಿತು. "ನೀವಿಬ್ರೂ ಮುಂದೆ ನಡೀರಿ, ಸ್ವಲ್ಪ ಹೊತ್ತು ಬಿಟ್ಟು ಬರ್ತೀನಿ" ಎಂದರು ಮಾವ.

ಕಿರುದಾರಿಯಲ್ಲಿ ನಡೆದಾಗಲೇ ನನಗೆ ಆ ಸೇತುವೆ ನಿಜವಾಗಿ ಕಂಡದ್ದು. ಹಲಗೆಯ ಸಂದಿಯಲ್ಲಿ ನೀರು ಮಿನುಗುತ್ತಿತ್ತು. ಸಂಜೆಯ ಬಿಸಿಲು ಸರಳುಗಳ ನಡುವಿನಿಂದ ಬಂದು ನಮ್ಮಿಬ್ಬರ ಮೇಲೂ ಜಾಲರಿಯ ನೆರಳು ಹಾಸಿತ್ತು. ಅತ್ತೆಯ ಸೀರೆಗೆ ಹೊಸ ಅಂಚು ಬಂದಂತಿತ್ತು. ಕಬ್ಬಿಣವನ್ನು ಮುಟ್ಟಿದೆ, ಬೆಚ್ಚಗಿತ್ತು. ನಾನೀಗ ಸೇತುವೆಯ ಮೇಲಿದ್ದೇನೆ ಎಂದು ಪೂರ್ತಿಯಾಗಿ, ಕಾಲಿನಿಂದ ತಲೆಯವರೆಗೆ ಅನ್ನಿಸಿತು.

ಹಾಗೆ ಕನಸಿನಲ್ಲಿದ್ದಾಗ ಎದುರು ದಡದಿಂದ ಒಂದು ಕೆಂಪು ಪಿಕಪ್ ಟ್ರಕ್ಕು ಸೇತುವೆ ಏರಿತು. ಹಲಗೆ ಗುಡುಗುಟ್ಟಿತು. ನಮ್ಮನ್ನು ದಾಟಿ ಅದು ಅರ್ಧ ದಾರಿಗೆ ಬಂದಿತ್ತು. ಆಗ ಈ ಕಡೆಯಿಂದಲೂ ಗುಡುಗು ಕೇಳಿಸಿತು. ತಿರುಗಿ ನೋಡಿದರೆ ಮಾವನ ಬೂದು ಕಾರು ಸೇತುವೆಯ ಮೇಲೆ ಬರುತ್ತಿದೆ.

ಮೆಲ್ಲಗೇ ಬರುತ್ತಿತ್ತು, ಆದರೆ ನಿಲ್ಲುವ ಸೂಚನೆ ಇರಲಿಲ್ಲ. ಎದುರಿಗೆ ಏನೂ ಇಲ್ಲವೆಂಬಂತೆ ಬರುತ್ತಿತ್ತು. ನಾನು "ಮಾವ" ಎಂದು ಕೂಗಿದ್ದು ಹಲಗೆಯ ಸದ್ದಿನಲ್ಲಿ ಮುಳುಗಿತು. ಅತ್ತೆ ನನ್ನ ಮೊಣಕೈ ಹಿಡಿದರು. ಟ್ರಕ್ಕಿನವನು ನಿಂತ. ದೀಪ ಮಿನುಗಿಸಿದ. ಕೊನೆಗೆ ಒಂದೇ ಒಂದು ಸಲ, ಚಿಕ್ಕದಾಗಿ, ಹಾರನ್ ಒತ್ತಿದ. ಆಗ ಕಾರು ಮುಗ್ಗರಿಸಿದಂತೆ ನಿಂತಿತು. ಎರಡು ಗಾಡಿಗಳ ಮೂಗಿನ ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗವಿತ್ತು.

ಟೋಪಿ ಹಾಕಿದ್ದ ಆ ಟ್ರಕ್ಕಿನ ಯುವಕ ಒಂದು ಕ್ಷಣ ನೋಡಿದ. ಬಿಳಿಕೂದಲು ಕಂಡಿರಬೇಕು. ಕೈಯೆತ್ತಿ, ಹಿಂದಕ್ಕೆ ತಿರುಗಿ ನೋಡುತ್ತ, ಇಡೀ ಅರ್ಧ ಸೇತುವೆಯನ್ನು ಹಿಮ್ಮುಖವಾಗಿ ಇಳಿದು ದಡದಲ್ಲಿ ನಿಂತುಕೊಂಡ. ಮಾವನ ಕಾರು ದಾಟಿತು. ನಿಧಾನವಾಗಿ ಹೋಗಿ ಸರ್ ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ್ದು ನಮಗೂ ಕೇಳಿಸಿತು. ಆಮೇಲೆ ಅವನು ತನ್ನ ದಾರಿ ಹಿಡಿದು ಹೋದ.

ನಾವು ಹೋಗಿ ನೋಡಿದಾಗ ಮಾವ ರಸ್ತೆಯಂಚಿನಲ್ಲಿ ಕಾರು ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು.

"ಒಳ್ಳೆ ಹುಡುಗ" ಎಂದರು ಅತ್ತೆ ಜೋರಾಗಿ. "ಹಿರಿಯರು ಅಂತ ತಾನೇ ಹಿಂದೆ ಹೋದ. ಇಲ್ಲಿ ಇದೇ ಪದ್ಧತಿ ಅಲ್ವಾ?" ಹೇಳುತ್ತ ನನ್ನ ಕೈಲಿದ್ದ ಡೈರಿಯ ಮೇಲೆ ತಮ್ಮ ಕೈಯಿಟ್ಟರು. ಆ ಕೈಗೆ ಪುಳಿಯೋಗರೆಯ ವಾಸನೆಯಿತ್ತು. ಅದು ಬೇಡುತ್ತಿತ್ತು.

ನಾನು ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ಮಾವ ಹೇಳಿದರು.

"ಹುಡುಗ ಒಳ್ಳೆಯವನೇ. ಆದ್ರೆ ನನಗೆ ಅವನು ಕಾಣ್ಲಿಲ್ಲ."

"ಬಿಸಿಲು ಕಣ್ಣಿಗೆ ಹೊಡೀತು ರೀ."

"ಬಿಸಿಲು ದಿನಾ ಬರುತ್ತಲ್ಲೇ." ಕೈ ಇಳಿಸಿ ನನ್ನ ಕಡೆ ತಿರುಗಿದರು. "ಅಷ್ಟು ದೊಡ್ಡ ಕೆಂಪು ಗಾಡಿ ಪುಟ್ಟಿ. ಬೆಳಕು ಬಿಟ್ರೆ ಏನೂ ಇರ್ಲಿಲ್ಲ ಅಲ್ಲಿ. ಬರ್ಕೊ."

ಡೈರಿ ತೆರೆದೆ. ಬ್ರೇಕಿಗೆ, ಸಿಗ್ನಲ್ಲಿಗೆ, ಗೆರೆಗೆ ಕಾಲಂ ಇತ್ತು, ಇದಕ್ಕೆ ಇರಲಿಲ್ಲ. ರೇಖಕ್ಕನಿಗೆ ಬೇಕಿದ್ದುದು ಹೌದು ಅಥವಾ ಇಲ್ಲ. ಇಲ್ಲ ಎಂದರೆ ಬೂದು ಕಾರು ನಾಳೆಯೇ ಹೋಗುತ್ತದೆ, ಅದರ ಜೊತೆ ಕೊತ್ತಂಬರಿಯೂ ದೇವಸ್ಥಾನವೂ "ಅಂಕಲ್ ಇದ್ದಾರಲ್ಲ" ಎಂಬ ಮಾತೂ ಹೋಗುತ್ತವೆ. ಹೌದು ಎಂದರೆ, ಮುಂದಿನ ಸಲ ಎದುರಿಗೆ ಬರುವುದು ಟ್ರಕ್ಕೇ ಆಗಿರಬೇಕೆಂದಿಲ್ಲ, ಬರುವವರು ನಡೆದು ಬರುತ್ತಿರಬಹುದು.

ಮಾವ ಕಾರಿನಿಂದಿಳಿದು ಸೊಂಟ ನೆಟ್ಟಗೆ ಮಾಡಿಕೊಂಡು ಸೇತುವೆಯ ಕಡೆ ನೋಡಿದರು. ಈ ದಡದಲ್ಲೂ ಅದೇ ಬೋರ್ಡಿತ್ತು. ಅದನ್ನು ಎಷ್ಟೋ ಹೊತ್ತು ನೋಡುತ್ತ ನಿಂತಿದ್ದರು.

"ನೋಡಿದ್ಯಾ, ಇದಕ್ಕೆ ಇಷ್ಟು ವಯಸ್ಸಾಯ್ತು ಅಂತ ಇವರು ಕಿತ್ತು ಹಾಕ್ಲಿಲ್ಲ. ಏನೂ ಆಗಿಲ್ಲ ಅಂತ ಸುಳ್ಳೂ ಹೇಳ್ಲಿಲ್ಲ. ಅಳತೆ ಮಾಡಿ ಒಂದು ಬೋರ್ಡ್ ಹಾಕಿದ್ರು. ನನಗೂ ಒಂದು ಬೋರ್ಡ್ ಹಾಕಿ."

ಹಾಗೆ, ಬೆಚ್ಚಗಿದ್ದ ಬಾನೆಟ್ಟಿನ ಮೇಲೆ ಡೈರಿ ಇಟ್ಟುಕೊಂಡು ಬೋರ್ಡು ಬರೆದೆವು. ಮೊದಲು ಕಣ್ಣಿನ ಡಾಕ್ಟರು. ಅವರು ಸರಿ ಎನ್ನುವವರೆಗೆ ಗಾಡಿ ಮುಟ್ಟುವಂತಿಲ್ಲ. ಇದನ್ನು ಮಾವನೇ ಹೇಳಿದರು. ಆಮೇಲೂ ಹಗಲು ಮಾತ್ರ, ಬಿಸಿಲು ಇಳಿಯುವ ಮುಂಚೆ ಮನೆ. ರೂಟ್ ಒನ್ ಬೇಡ, ಹೆದ್ದಾರಿ ಬೇಡ.

"ದೇವಸ್ಥಾನ?" ಎಂದರು ಅತ್ತೆ, ಹರಾಜಿನಲ್ಲಿ ಕೂಗುವವರ ಹಾಗೆ.

"ಒಳದಾರಿಲಿ ಹೋಗೋಹಾಗಿದ್ರೆ."

"ಏರ್‌ಪೋರ್ಟು?"

ಮಾವ ಬಾನೆಟ್ಟಿನ ಮೇಲೆ ಬಿದ್ದಿದ್ದ ಎಲೆಯೊಂದನ್ನು ಎತ್ತಿ ಬಿಸಾಡಿದರು. "ಇಲ್ಲ" ಎಂದರು.

"ತರಕಾರಿ ಅಂಗಡಿ?"

"ಅದು ಬಿಟ್ರೆ ನೀನು ನನಗೆ ಊಟ ಹಾಕ್ತೀಯಾ?"

ನಾನು ನಕ್ಕು ಬರೆದುಕೊಂಡೆ. ಬರೆದು ಮುಗಿಸಿದ ಮೇಲೆ ಮಾವ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. ಅತ್ತೆ ಮತ್ತೆ ನಡೆದೇ ದಾಟಿದರು. ಮಾವ ನನ್ನ ಪಕ್ಕ ಕೂತು ಸೀಟುಬೆಲ್ಟು ಎಲ್ಲಿದೆ ಎಂದು ಹುಡುಕಾಡಿದರು; ಆ ಕಡೆ ಕೂತು ಅವರಿಗೆ ಅಭ್ಯಾಸವಿರಲಿಲ್ಲ.

ಅಂದೇ ಬೋರ್ಡಿನ ಫೋಟೋ ತೆಗೆದು ರೇಖಕ್ಕನಿಗೆ ಕಳಿಸಿದೆ. ನಡೆದದ್ದನ್ನು ಮಾವನೇ ಸ್ಪೀಕರ್ ಹಾಕಿದ ಫೋನಿನಲ್ಲಿ ಒಂದಕ್ಷರ ಬಿಡದೆ ಹೇಳಿದರು. ಆ ಕಡೆಯಿಂದ ಬೈಗುಳ ಬರುತ್ತದೆಂದು ನಾನು ಕಾದೆ. ಬರಲಿಲ್ಲ. ರೇಖಕ್ಕ ಬೋರ್ಡನ್ನು ಎರಡು ಸಲ ಓದಿರಬೇಕು.

"ಅಪ್ಪ, ಇದ್ರಲ್ಲಿ ನಿಮ್ಮ ಬ್ರಿಡ್ಜ್ ಇಲ್ವಲ್ಲ."

"ಅದು ಮಿತಿಯಿಂದ ಆಚೆ ಬರುತ್ತೆ ಮಗಳೇ."

ನನಗೆ ಆಗಲೇ ಹೊಳೆದದ್ದು. ಹೆದ್ದಾರಿ ಬೇಡ ಎಂದು ಬಾನೆಟ್ಟಿನ ಮೇಲೆ ಬರೆಸುವಾಗ ಅವರಿಗೆ ಗೊತ್ತಿತ್ತು. ಆ ಬೋರ್ಡಿಗೆ ಅವರು ಮೊದಲು ಬಿಟ್ಟುಕೊಟ್ಟದ್ದೇ ಆ ಸೇತುವೆಯನ್ನು.

ಕಣ್ಣಿನಲ್ಲಿ ಪೊರೆ ಬಂದಿತ್ತು. ಚಳಿಗಾಲದಲ್ಲಿ ಒಂದೊಂದಾಗಿ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಆಮೇಲೆ ಮಾವ ಮೊದಲು ಕಂಡುಹಿಡಿದದ್ದು, ಅತ್ತೆ ಅಡುಗೆಮನೆಯ ಗೋಡೆಗೆ ಬಳಿಸಿದ್ದು ಬಿಳಿ ಬಣ್ಣವಲ್ಲ, ತೆಳು ಹಳದಿ ಎಂಬುದನ್ನು. ಎರಡನೆಯದು, ಗ್ಯಾರೇಜಿನ ಬಾಗಿಲಿನ ಗಾಯಕ್ಕೂ ಜಿಂಕೆಗೂ ಸಂಬಂಧವಿಲ್ಲ ಎಂಬುದನ್ನು. ಡಾಕ್ಟರು ಒಪ್ಪಿದ ಮೇಲೆ ಬೂದು ಕಾರು ಮತ್ತೆ ತರಕಾರಿ ಅಂಗಡಿಗೂ ದೇವಸ್ಥಾನಕ್ಕೂ ಹಗಲಿನಲ್ಲಿ ಓಡಾಡುತ್ತಿದೆ. ಬೋರ್ಡಿನ ಒಂದು ಪ್ರತಿ ಅವರ ಮನೆಯ ಫ್ರಿಜ್ಜಿನ ಮೇಲಿದೆ. ಕಣ್ಣು ಸರಿಹೋಯಿತಲ್ಲ, ಸ್ವಲ್ಪ ಸಡಿಲಿಸೋಣವೇ ಎಂದು ರೇಖಕ್ಕನೇ ಒಮ್ಮೆ ಕೇಳಿದಳು. "ಕಣ್ಣಿಗೆ ಹೊಸ ಗಾಜು ಹಾಕಿದ್ರು. ಹಿಂದೆ ತಿರುಗದ ಈ ಕತ್ತಿಗೆ ಯಾರು ಹಾಕ್ತಾರೆ?" ಎಂದರು ಮಾವ. ವಿಮಾನ ನಿಲ್ದಾಣದ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. "ಅಂಕಲ್‌ಗೆ ಹೇಳಿ" ಎಂಬ ಮಾತು ಹಾಗೇ ಇದೆ. ಅಂಕಲ್ ನನಗೆ ಹೇಳುತ್ತಾರೆ.

ಈ ಏಪ್ರಿಲ್ ಕೊನೆಯ ಶನಿವಾರ ಮೂವರೂ ಮತ್ತೆ ಸೇತುವೆಗೆ ಹೋದೆವು. ನಾನೇ ಓಡಿಸಿದೆ. ದಡದ ಮರಗಳಲ್ಲಿ ಎಳೆ ಹಸಿರು ಆಗಷ್ಟೇ ಮೂಡಿತ್ತು, ಹೊಗೆಯೋ ಎಲೆಯೋ ಎಂದು ಅನುಮಾನ ಬರುವಷ್ಟು. ಬೋರ್ಡಿನ ಹತ್ತಿರ ಅತ್ತೆ ಎಂದಿನಂತೆ ಬಾಗಿಲು ತೆರೆದರು. ಮುಂದೆ ಮಾವನ ಕಡೆಯ ಬಾಗಿಲೂ ತೆರೆದುಕೊಂಡಿತು.

"ನೀವ್ಯಾಕೆ ಇಳೀತಿದೀರಿ?" ಎಂದರು ಅತ್ತೆ.

"ನಂದೂ ಒಂದಿಷ್ಟು ಭಾರ ಕಡಿಮೆ ಆಗ್ಲಿ. ಇಷ್ಟು ವರ್ಷ ಗಾಡೀಲಿ ಕೂತೇ ದಾಟಿದ್ದು. ನೀನು ಏನು ನೋಡ್ತೀಯೋ ನೋಡೋಣ."

ಖಾಲಿ ಕಾರನ್ನು ಒಬ್ಬಳೇ ಓಡಿಸಿಕೊಂಡು ದಾಟಿದೆ. ಆಚೆ ದಡದಲ್ಲಿ ಒಂದು ನೀಲಿ ಕಾರು ನನಗಾಗಿ ನಿಂತಿತ್ತು, ಕೈಯೆತ್ತಿದೆ. ಅಂಚಿನಲ್ಲಿ ನಿಲ್ಲಿಸಿ ಕನ್ನಡಿಯಲ್ಲಿ ನೋಡಿದರೆ, ಸರಳುಗಳ ನೆರಳು ಬೆಳಕಿನೊಳಗೆ ಇಬ್ಬರೂ ಬರುತ್ತಿದ್ದರು. ನಡೆಯುತ್ತಿದ್ದರು ಎನ್ನುವುದಕ್ಕಿಂತ ನಿಲ್ಲುತ್ತಿದ್ದರು ಎನ್ನಬೇಕು. ಮಾವ ಕಬ್ಬಿಣದ ಗೂಟವೊಂದನ್ನು ಮುಟ್ಟಿ ಏನೋ ತೋರಿಸುತ್ತಿದ್ದರು. ಅತ್ತೆ ಅದನ್ನು ನೋಡದೆ ನೀರು ತೋರಿಸುತ್ತಿದ್ದರು. ನೀಲಿ ಕಾರಿನವಳಿಗೆ ದಾರಿ ಬಿಡುವಾಗಿತ್ತು. ಆದರೂ ಹಲಗೆ ಗುಡುಗಿದರೆ ಇವರು ಬೆಚ್ಚಿಬೀಳುತ್ತಾರೆಂದೋ ಏನೋ, ಇಬ್ಬರೂ ದಾಟಿ ಬರುವವರೆಗೆ ಅವಳು ಕದಲಲಿಲ್ಲ.

ಮಾವ ಬಂದು ಕಾರಿನಲ್ಲಿ ಕೂತವರೇ ಡೈರಿ ಕೇಳಿದರು. ಕೊಟ್ಟೆ. ಅಕ್ಟೋಬರಿನ ಪುಟ ಹುಡುಕಿ, ಹಳೆಯ ಕಾಲಮ್ಮಿನ ಕೆಳಗೆ ನನ್ನ ಹೆಸರು ಬರೆದು, ತಡವಾದ ಬ್ರೇಕಿಗೆ ಒಂದು ಗೀಟು ಎಳೆದರು. ಹೊಸ ಕಣ್ಣಿನ ಗೀಟು, ಬಲು ನೆಟ್ಟಗಿತ್ತು.

"ಮಾವ, ನಾನು ಸರಿಯಾಗೇ ನಿಲ್ಲಿಸಿದೆ."

"ಸೇತುವೆ ಮೇಲೆ ಮೂರು ಸಲ ಬ್ರೇಕ್ ದೀಪ ಹತ್ತಿತು. ಹಿಂದಿನಿಂದ ಎಲ್ಲಾ ಕಾಣ್ತಿತ್ತು" ಎಂದರು. ಕಾಣುತ್ತಿತ್ತು ಎಂಬ ಮಾತನ್ನು ಅವರು ಎಷ್ಟು ಸಂತೋಷದಿಂದ ಹೇಳಿದರೆಂದರೆ, ನಾನು ಮೇಲ್ಮನವಿ ಸಲ್ಲಿಸಲಿಲ್ಲ.

ಮನೆಗೆ ಬಂದು ಸೇತುವೆಗಳ ಪಟ್ಟಿ ತೆಗೆದೆ. ದಾಟುವಾಗ ಅನ್ನಿಸಿದರೆ ಮಾತ್ರ ಗೀಟು ಎಂಬ ನಿಯಮ ಹಾಗೇ ಇತ್ತು. ಅವತ್ತು ನನಗೆ ಸೇತುವೆಯ ನೆನಪೇ ಇರಲಿಲ್ಲ, ಕಣ್ಣೆಲ್ಲ ಕನ್ನಡಿಯಲ್ಲಿತ್ತು. ನಿಯಮದ ಪ್ರಕಾರ ನನಗೆ ಗೀಟು ಸಲ್ಲದು. ಅತ್ತೆಗೊಂದು, ಮಾವನಿಗೊಂದು ಹಾಕಿ ಡೈರಿ ಮುಚ್ಚಿದೆ.